ಹಳೇ ಡಿಬಿಬಿಎಲ್ ಆರಿಸುವಾಗ ಹೆಸರು ಕೊನೆಗೆ

ಬೀದರ, ಕಲಬುರಗಿ ಕಡೆ ನಿಜಾಮರ ಕಾಲದಿಂದ ಉಳಿದ ವಿಲಾಯಿತಿ ಬಂದೂಕು, ಆಮೇಲೆ ಆಮದು ಬಿಗಿಯಾಗುವ ತನಕ ಬಂದ ಬಂದೂಕು ಇನ್ನೂ ಕೈಬದಲಾಗುತ್ತಿರುತ್ತವೆ. ಲೈಸನ್ಸಿನಲ್ಲಿ ಎಲ್ಲವೂ ಡಿಬಿಬಿಎಲ್, ಅಂದರೆ ಹಿಂದಿನಿಂದ ತೋಟಾ ತುಂಬುವ ಜೋಡಿ ನಳಿಗೆಯ ಬಂದೂಕು. ಬೆಲೆ ಮಾತ್ರ ಮಾಡಿದ ಕಂಪನಿಯ ಹೆಸರಿನ ಮೇಲೆ: ವೆಬ್ಲಿ ಅಂದರೆ ಒಂದು ರೇಟು, ಗ್ರೀನರ್ ಅಂದರೆ ಇನ್ನೊಂದು. ಹೆಸರಿರಲಿ, ಬ್ಯಾರಲ್ 30 ಇಂಚು ಇರಲಿ, ಎರಡೂ ಕಡೆ ಫುಲ್ ಚೋಕ್ (ಛರ್ರಾ ಹರಡದಂತೆ ಬಾಯಿ ತುದಿಯಲ್ಲಿ ಮಾಡಿದ ಬಿಗಿತ) ಇರಲಿ ಅಂದವರೇ ಬಹಳ. ನಾನು ತಗೊಂಡಿದ್ದು 28 ಇಂಚಿನ, ಯಾರೂ ಹೆಸರು ಕೇಳಿರದ ಬರ್ಮಿಂಗ್‌ಹ್ಯಾಮ್ ಬಾಕ್ಸ್‌ಲಾಕ್ (ಕುದುರೆ, ಸ್ಪ್ರಿಂಗ್ ಒಳಗೇ ಇರುವ ಮಾದರಿ). ಅರವತ್ತು ಸಾವಿರದ ಆಸುಪಾಸು ಕೊಟ್ಟೆ, ರಿಪೇರಿಗೆ ಹದಿನೈದರಷ್ಟು ಹೋಯಿತು. ಇಷ್ಟು ರೊಕ್ಕ ನೀರಿಗೆ ಹಾಕಿದ ಅಂದವರು ಹೈದರಾಬಾದ್ ರೇಂಜಿನಲ್ಲಿ ಕ್ಲೇ (ಗುರಿಗೆಂದು ಗಾಳಿಗೆ ಹಾರಿಸುವ ತಟ್ಟೆ) ಒಡೆಯುವುದನ್ನು ನೋಡಿ, ಇಂಥದ್ದು ಇನ್ನೊಂದು ಎಲ್ಲಿ ಸಿಗುತ್ತದೆ ಅಂತ ಈಗ ಕೇಳುತ್ತಾರೆ.

ಈ ಜಾತಿಯ ಬಂದೂಕು ಮಾಡಿದ್ದೇ ದಿನವಿಡೀ ಹೊಲ, ಗುಡ್ಡ ತಿರುಗಿ, ಕಾಲ ಬುಡದಿಂದ ಎದ್ದ ಪಾರ್ಟ್ರಿಜ್ ಹೊಡೆಯಲಿಕ್ಕೆ. ಅದಕ್ಕೇ ತೂಕ ಆರೂವರೆ ಪೌಂಡು, ಅಂದರೆ ಮೂರು ಕಿಲೋದೊಳಗೆ. ನಮ್ಮ ತೊಗರಿ ಹೊಲದ ಕೌಜುಗ, ಬುರ್ಲಿ ಹೊಡೆದರೆ ವನ್ಯಜೀವಿ ಕಾಯ್ದೆಯಡಿ ಕೇಸು, ಅದರ ಮಾತೇ ಬೇಡ. ಆದರೆ ಕ್ಲೇಗೂ ಬೇಕಾದದ್ದು ಅದೇ ಗುಣ: ಹಗುರ ಇರಬೇಕು, ಭುಜಕ್ಕೆ ಏರಿಸಿದ ಕೂಡಲೇ ಕಣ್ಣು ಎರಡು ಬ್ಯಾರಲ್ ಕೂಡಿಸುವ ರಿಬ್ಬಿನ ಮೇಲೆ ಕೂಡಬೇಕು.

ಮೊದಲು ನೋಡಿದ್ದು ಚೇಂಬರ್, ಅಂದರೆ ಬ್ಯಾರಲ್ಲಿನಲ್ಲಿ ತೋಟಾ ಕೂಡುವ ಜಾಗ. ಈಗ ಅಂಗಡಿಯಲ್ಲಿ ಸಿಗುವ ತೋಟಾ ಬಹುತೇಕ 70 ಎಂಎಂ. ಹಳೇ ಇಂಗ್ಲಿಷ್ ಮಾಲು ಹೆಚ್ಚಿನದು ಎರಡೂವರೆ ಇಂಚಿನ ಚೇಂಬರಿನದು, ಅಂದರೆ 65 ಎಂಎಂ. ಮೋಸ ಇರುವುದು ಇಲ್ಲೇ. ಹೊಡೆಯದ ತೋಟಾದ ಬಾಯಿ ಮಡಿಚಿರುವುದರಿಂದ ಅದು ಗಿಡ್ಡ ಇರುತ್ತದೆ, 65ರೊಳಗೆ ಸಲೀಸಾಗಿ ಕೂಡುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ, ಚೇಂಬರ್ ಕಿರಿದಾಗುತ್ತ ಹೋಗುವ ಮುಂದಿನ ಇಳಿಜಾರಿನೊಳಗೆ ಚಾಚುತ್ತದೆ, ಛರ್ರಾ (ತೋಟಾದೊಳಗಿನ ಸಣ್ಣ ಗುಂಡು) ಹೋಗುವ ದಾರಿ ಬಿಗಿಯಾಗುತ್ತದೆ, ಒತ್ತಡ ಏರುತ್ತದೆ. ಮಾರುವವನ ಬಳಿ ಹೊಡೆದ ಖಾಲಿ ಕೇಸ್ ಇದ್ದರೆ ಇಸಕೊಂಡು ಬಾಯಿ ನೋಡಿ. ಅಂಚು ಹರಿದಿದ್ದರೆ ಚೇಂಬರ್ ಗಿಡ್ಡ ಅಂತ ಗೊತ್ತಾಯಿತು. ಗೇಜ್ ಇಲ್ಲದವರು 20 ಎಂಎಂ ಅಗಲದ ಹಿತ್ತಾಳೆ ಪಟ್ಟಿ ಕತ್ತರಿಸಿಕೊಳ್ಳಿ. 12 ಬೋರಿನ ಬಂದೂಕಿನಲ್ಲಿ ನಳಿಗೆಯ ಒಳ ಅಗಲ (ಬೋರ್) 18.5 ಎಂಎಂನಷ್ಟು, ಚೇಂಬರಿನ ಮುಂದಿನ ತುದಿ 20ಕ್ಕೆ ತುಸು ಮೇಲೆ. ಪಟ್ಟಿ ಇಳಿಜಾರು ಶುರುವಾಗುವಲ್ಲಿ ತಡೆದು ನಿಲ್ಲುತ್ತದೆ. ಲೇಥಿನವನ ಹತ್ತಿರ ಉದ್ದ ಮಾಡಿಸಿದ ಚೇಂಬರ್ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ, ಗೋಡೆ ತೆಳುವಾಗುವುದು ಒತ್ತಡ ಹೆಚ್ಚಿರುವ ಜಾಗದಲ್ಲೇ. ನನ್ನದಕ್ಕೆ ಬ್ಯಾರಲ್ ಕೆಳಗೆ 2¾ ಇಂಚು (70 ಎಂಎಂ ಚೇಂಬರ್), 3¼ ಟನ್ (ಒತ್ತಡ) ಅಂತ ಒತ್ತಿದೆ, 1954ರ ನಂತರದ ಪ್ರೂಫ್, ಅಂದರೆ ಒತ್ತಡ ಪರೀಕ್ಷೆಯ ಮುದ್ರೆ. ಹೆಸರಿಗಿಂತ ಈ ಎರಡು ಅಂಕಿಗೆ ನಾನು ರೊಕ್ಕ ಕೊಟ್ಟೆ ಅನ್ನಬಹುದು.

ಬ್ಯಾರಲ್ ಗೋಡೆ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಕೆಳಗಿದ್ದರೆ ಬಿಡಿ. ಬೆಳಕಿಗೆ ಹಿಡಿದಾಗ ಒಳಗೆ ಕನ್ನಡಿಯಂತೆ ಹೊಳೆದರೆ ಖುಷಿಪಡುವ ಮೊದಲು ಬೋರ್ ಅಳೆಯಿರಿ. ತುಕ್ಕಿನ ಗುಳಿ ಹೋಗಲೆಂದು ಹೋನ್ ಮಾಡಿ ಮಾಡಿ ಸವೆಸಿರುತ್ತಾರೆ. 1954ಕ್ಕಿಂತ ಹಿಂದಿನದಕ್ಕೆ 13/1 ಅಂತ ಒತ್ತಿದ್ದರೆ ಬೋರ್ 719 ಥೌ ಇರಬೇಕು. 729 ಬಂದರೆ ಆ ಪ್ರೂಫ್ ಲೆಕ್ಕಕ್ಕಿಲ್ಲ. ನಾನು ಬಿಟ್ಟ ಒಂದು ದೊಡ್ಡ ಹೆಸರಿನ ಬಂದೂಕಿನ ಎಡ ಬ್ಯಾರಲ್ ಹೀಗೇ ತೂತು ದೊಡ್ಡದಾಗಿತ್ತು, ಬಲಗಡೆ ಸರಿ ಇತ್ತು. ಎರಡನ್ನೂ ಬೇರೆ ಬೇರೆ ಅಳೆಯಲೇಬೇಕು. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ಬ್ಯಾರಲ್ ಮನೆ ಗೋಡೆಗೆ ತೂಗುಹಾಕಲಿಕ್ಕಷ್ಟೇ ಚಂದ.

ಬ್ಯಾರಲ್ ಬಿಚ್ಚಿ, ಕೆಳಗಿನ ಕೊಂಡಿಯಿಂದ ದಾರ ಕಟ್ಟಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ಬಡಿಯಿರಿ. ಗುಡಿ ಗಂಟೆಯಂತೆ ನಾದ ಎಳೆದರೆ ರಿಬ್ ಗಟ್ಟಿ. ಬುಸ್ ಅಂದರೆ ಬೆಸುಗೆ ಬಿಟ್ಟಿದೆ, ಒಳಗೆ ತುಕ್ಕು ಕೂತಿದೆ. ಮುಂದಿನ ಹಿಡಿ ತೆಗೆದು ಬಂದೂಕು ಮುಚ್ಚಿ ಅಲುಗಾಡಿಸಿ. ಹಿಡಿ ಹಾಕಿದರೆ ಅದರ ಸ್ಪ್ರಿಂಗ್ ಬ್ಯಾರಲ್ಲನ್ನು ಬಿಗಿಹಿಡಿದು ಸಡಿಲ ಮುಚ್ಚಿಡುತ್ತದೆ. ಬಾಯಿ ತುದಿಯಲ್ಲಿ ಎರಡು ಬ್ಯಾರಲ್ ನಡುವೆ ಸಂದು ಕಂಡರೆ ಗರಗಸ ಹಾಕಿದ್ದಾರೆ, ಚೋಕ್ ಹೋಯಿತು.

ಭುಜಕ್ಕೆ ಕೊಡುವ ಕಟ್ಟಿಗೆಯ ಕುಂದಾದ್ದೇ ತಲೆನೋವು. ದಶಕಗಟ್ಟಲೆ ಬಾಯಿ ಮೇಲೆ ಮಾಡಿ ನಿಲ್ಲಿಸಿ, ಎಣ್ಣೆ ಇಳಿದಿಳಿದು ಆ್ಯಕ್ಷನ್ (ಹೊಡೆಯುವ ಯಂತ್ರವಿರುವ ಕಬ್ಬಿಣದ ಭಾಗ) ಹಿಂದಿನ ಕಟ್ಟಿಗೆ ಕಪ್ಪಾಗಿ ಮೆತ್ತಗಾಗಿರುತ್ತದೆ. ಮೊದಲು ಬರೀ ಥಿನ್ನರ್‌ನಿಂದ ಒರೆಸಿದ್ದಕ್ಕೆ ಮೇಲಿನ ಬಣ್ಣ ಹೋಯಿತೇ ಹೊರತು ಎಣ್ಣೆ ಹಾಗೇ ಇತ್ತು. ಚಾಕ್ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಮೆತ್ತಿ ಏಪ್ರಿಲ್ ಬಿಸಿಲಿಗಿಟ್ಟಾಗ ಪುಡಿ ಹಳದಿಗಟ್ಟಿ ಎಣ್ಣೆ ಹೀರಿತು. ಕೆರೆದು ಮತ್ತೆ ಮೆತ್ತಬೇಕು, ಪುಡಿ ಬೆಳ್ಳಗೇ ಉಳಿಯುವ ತನಕ. ಆದರೆ ನಮ್ಮ ಬಿಸಿಲಿಗೆ ಕಟ್ಟಿಗೆ ಕುಗ್ಗಿ ಸ್ಕ್ರೂ ಸಡಿಲಾಗುತ್ತವೆ. ಅದಕ್ಕೆ ಮೊದಲು ಕಟ್ಟಿಗೆಗೆ ಒಂದು ಉಪಚಾರ ಮಾಡಿದ್ದೆ, ಅದು ನನ್ನ ಹತ್ತಿರವೇ ಇರಲಿ. ಈಗ ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತೇನೆ.

ಕುಂದಾದ ಉದ್ದ ಹದಿನಾಲ್ಕೂವರೆ ಇಂಚು ಇತ್ತು, ನಮ್ಮ ಕಡೆಯವರ ಕೈಗೆ ದೊಡ್ಡದು. ಹದಿನಾಲ್ಕಕ್ಕೆ ಇಳಿಸಿದ ಮೇಲೆ ಅಂಗಿಗೆ ಸಿಕ್ಕಿಕೊಳ್ಳುವುದು ನಿಂತಿತು.

ಚೋಕ್ ವಿಷಯದಲ್ಲಿ ಒತ್ತಿದ ಗುರುತು ನಂಬದೆ ರೇಂಜಿನಲ್ಲಿ ಹಾಳೆ ಕಟ್ಟಿ ನೋಡಿದೆ. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಬಲ ಬ್ಯಾರಲ್ ಅರ್ಧದಷ್ಟು ಛರ್ರಾ ಇಟ್ಟಿತು, ಎಡ ನೂರಕ್ಕೆ ಅರವತ್ತು. ಎದ್ದು ದೂರ ಹೋಗುವ ಗುರಿಗೆ ಇದಕ್ಕಿಂತ ಬೇರೆ ಬೇಡ. ಫುಲ್ ಚೋಕ್ ಎಪ್ಪತ್ತು ಇಡುತ್ತದೆ ನಿಜ, ಇಪ್ಪತ್ತೈದು ಗಜದಲ್ಲಿ ಅದು ಕಮ್ಮಿ ಹರಡಿ ಪಕ್ಕದಿಂದ ಹಾಯ್ದುಹೋಗುತ್ತದೆ. 32 ಗ್ರಾಂ ಛರ್ರಾ ಇರುವ ತೋಟಾ ಹಾಕಿಯೂ ನೋಡಿದೆ. ಭುಜ ನೊಂದಿತು, ವೃತ್ತದೊಳಗೆ ಹೇಳುವಂಥ ಲಾಭ ಕಾಣಲಿಲ್ಲ. 28 ಗ್ರಾಂ ಸಾಕು: ಛರ್ರಾ ತೂಕದ 96 ಪಟ್ಟು ಬಂದೂಕು ಇರಬೇಕೆಂಬ ಹಳೇ ಲೆಕ್ಕಕ್ಕೂ ಅದು ಕೂಡಿಬರುತ್ತದೆ.

ಮುಂಗಡ ಕೊಡುವ ಮೊದಲು ಆ್ಯಕ್ಷನ್, ಬ್ಯಾರಲ್, ಮುಂದಿನ ಹಿಡಿಯ ಕಬ್ಬಿಣ, ಮೂರರ ನಂಬರೂ ಮಾರುವವನ ಲೈಸನ್ಸಿನ ಜೊತೆ ತಾಳೆ ಹಾಕಿ. ಬ್ಯಾರಲ್ ಬೇರೆ ಬಂದೂಕಿನದಿದ್ದರೆ ಡಿಸಿ ಕಚೇರಿಯಲ್ಲಿ ಫೈಲು ಅಲ್ಲೇ ನಿಲ್ಲುತ್ತದೆ. ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವನು ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಆ 45 ದಿನದಲ್ಲಿ ಇನ್ನೊಬ್ಬ ಗಿರಾಕಿ ಬಂದು ರೇಟು ಏರಿಸುವುದುಂಟು, ಹಾಗಾಗಿ ದರ ಮೊದಲೇ ಬರೆಸಿಕೊಳ್ಳಿ.