ಇಂಗ್ಲಿಷ್‌ನ ‘ಕ್ಲೋಸ್ ಆಫ್’ (close off) ಅನ್ನೋದನ್ನು ಎಲ್ಲಿ, ಹೇಗೆ ಬಳಸೋದು?

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿದ್ದು ನೆನಪಿದೆ ಅಲ್ವಾ? ಅದಕ್ಕೆ ಬರೀ ‘ಕ್ಲೋಸ್ಡ್’ ಅಂದರೂ ತಪ್ಪಲ್ಲ. ಆದರೆ ಅಡ್ಡ ಏನಾದರೂ ಇಟ್ಟು, ಯಾರೂ ಆ ಕಡೆ ದಾಟದ ಹಾಗೆ ಮಾಡಿದ್ದಾರೆ ಅನ್ನೋದು ಕೇಳಿದವರಿಗೆ ಗೊತ್ತಾಗಬೇಕಾದರೆ ‘ದ ರೋಡ್ ವಾಸ್ ಕ್ಲೋಸ್ಡ್ ಆಫ್’ ಅನ್ನಿ. ಒಂದು ಜಾಗಕ್ಕೆ ಹೋಗುವ ದಾರಿಯನ್ನೇ ತಡೆಯೋದು, ಅಷ್ಟೇ ಅರ್ಥ.

ನಮ್ಮ ಕಾಫಿ ಕಣವನ್ನೇ ನೋಡಿ. ಹಣ್ಣು ಹರಡಿದ ಮೇಲೆ ದನ ನುಗ್ಗಬಾರದು ಅಂತ ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟುತ್ತೇವೆ. ‘ವಿ ಕ್ಲೋಸ್ಡ್ ಆಫ್ ದ ಯಾರ್ಡ್’ ಅನ್ನಬಹುದು, ‘ವಿ ಕ್ಲೋಸ್ಡ್ ದ ಯಾರ್ಡ್ ಆಫ್’ ಅಂದರೂ ಸರಿ. ಆದರೆ ಕಣದ ಹೆಸರು ಬಿಟ್ಟು ‘ಇಟ್’ ಅಂದಿರೋ, ಅದು ನಡುವೆಯೇ ಬರಬೇಕು: ‘ಕ್ಲೋಸ್ ಇಟ್ ಆಫ್’. ‘ಕ್ಲೋಸ್ ಆಫ್ ಇಟ್’ ಅನ್ನೋದು ತಪ್ಪು. ಜಾಸ್ತಿ ಜನ ಎಡವುವುದು ಇಲ್ಲೇ, ದಯವಿಟ್ಟು ನಾಲ್ಕು ಸಲ ಬಾಯಿಬಿಟ್ಟು ಹೇಳಿ ನೋಡಿ.

ಯಾರಿಗೆ ತಡೆ ಅಂತ ಹೇಳಲು ‘ಟು’ ಸೇರಿಸಿ: ‘ಕ್ಲೋಸ್ಡ್ ಆಫ್ ಟು ಟ್ರಾಫಿಕ್’, ಅಂದರೆ ವಾಹನಗಳಿಗೆ ಪ್ರವೇಶ ಇಲ್ಲ.

ಗೇಟು ಹಾಕೋದಕ್ಕೆ ಸುಮ್ನೆ ‘ಕ್ಲೋಸ್’ ಸಾಕು. ಅಂಗಡಿ ಪೂರ್ತಿ ಮುಚ್ಚಿದರೆ ‘ಕ್ಲೋಸ್ ಡೌನ್’. ನಲ್ಲಿ ನೀರು ನಿಲ್ಲಿಸಿದರೆ ‘ಶಟ್ ಆಫ್’.

ಮನುಷ್ಯರಿಗೂ ಇದನ್ನು ಬಳಸುತ್ತಾರೆ. ದುಃಖದಲ್ಲಿ ಯಾರ ಜೊತೆಗೂ ಮಾತಾಡದೆ ದೂರ ಉಳಿದ ಹೆಂಗಸಿನ ಬಗ್ಗೆ ‘ಶಿ ಕ್ಲೋಸ್ಡ್ ಹರ್‌ಸೆಲ್ಫ್ ಆಫ್’ ಅನ್ನುತ್ತಾರೆ.