ಹಳೇ ಬೀಸುಕಲ್ಲಿಗೆ ಹೊಸ ಹಲ್ಲು

ಬೇಸಿಗೆ ಬಂತೆಂದರೆ ವಿಜಯಪುರದ ಕಡೆ ಅಂಬಲಿ, ನುಚ್ಚು-ಮಜ್ಜಿಗೆಯ ಮಾತು ಶುರು. ಜೋಳ ಗಿರಣಿಗೆ ಒಯ್ದು "ದಪ್ಪಗೆ ಒಡೆದು ಕೊಡ್ರೀ" ಅಂದರೆ ಅರ್ಧ ನುಚ್ಚು, ಅರ್ಧ ಹಿಟ್ಟು ಬರುತ್ತದೆ. ಆಗ ಹಿತ್ತಲಲ್ಲಿ ಬಿದ್ದಿದ್ದ ಅಜ್ಜಿಯ ಬೀಸುಕಲ್ಲು ನೆನಪಾಗುತ್ತದೆ. ತೊಳೆದು, ಜೋಳ ಹಾಕಿ, ತಿರುಗಿಸಿ, ಎರಡೇ ದಿನಕ್ಕೆ ಮತ್ತೆ ಹಿತ್ತಲಿಗೆ ಹಾಕಿದವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ. ಕಲ್ಲಿನ ತಪ್ಪಲ್ಲ. ಅದಕ್ಕೆ ಹಲ್ಲೇ ಇಲ್ಲ, ಅಂದರೆ ಕಾಳು ಒಡೆಯುವ ಗುಳಿಗಳು ಸವೆದಿವೆ, ಅಷ್ಟೆ.

ಮೊದಲು ಕಲ್ಲು. ಕಪ್ಪು ಕಲ್ಲಾಗಲಿ, ಇಳಕಲ್ಲಿನ ಕೆಂಪು ಗ್ರಾನೈಟ್ ಆಗಲಿ, ಬಿರುಕು ಇರಬಾರದು. ಪಾಲಿಶ್ ಮಾಡಿದ ಚಂದದ ಪುಟ್ಟ ಬೀಸುಕಲ್ಲು ಮಾರಾಟಕ್ಕೆ ಸಿಗುತ್ತವೆ. ಅವು ಶೋಕೇಸಿಗೆ. ಕೊಳ್ಳಬೇಡಿ.

ಇನ್ನು ಕಟೆಯುವ ಕೆಲಸ. ಮುಂಚೆ ಇದಕ್ಕಾಗಿಯೇ ಕಲ್ಲು ಕಟೆಯುವವರು ಓಣಿ ಓಣಿಗೆ ಬರುತ್ತಿದ್ದರು. ಈಗ ನಾವೇ ಚಾಣ, ಸುತ್ತಿಗೆ ಹಿಡಿಯಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಕಲ್ಲಿನ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಹಾಂ ಅಂತ ಚಾಣ ಹಚ್ಚಬೇಡಿ. ಒಂದು ನೇರ ಕಟ್ಟಿಗೆಪಟ್ಟಿಗೆ ಕಾವಿ ಮಣ್ಣು ಕಲಸಿ ಬಳಿದು ಕಲ್ಲಿನ ಮುಖದ ಮೇಲೆ ಎಳೆಯಿರಿ. ಉಬ್ಬಿದ ಕಡೆ ಕೆಂಪು ಹತ್ತುತ್ತದೆ. ಆ ಕೆಂಪನ್ನಷ್ಟೇ ಮೊದಲು ತಗ್ಗಿಸಿ, ಮತ್ತೆ ಎಳೆಯಿರಿ. ನನಗೆ ಈ ಒಂದು ಕೆಲಸಕ್ಕೇ ಅರ್ಧ ದಿನ ಹಿಡಿಯಿತು.

ಮುಖ ಸಮ ಆದ ಮೇಲೆ ಹಲ್ಲು. ಚಾಣವನ್ನು ಓರೆ ಹಿಡಿದು ಹಗುರವಾಗಿ ಬಡಿಯಿರಿ, ಅಕ್ಕಿಕಾಳಿನಷ್ಟು ಗುಳಿ ಸಾಕು. ಜೋರು ಬಡಿದರೆ ಚಕ್ಕೆ ಏಳುತ್ತದೆ, ಆ ಚಕ್ಕೆ ನಾಳೆ ನಿಮ್ಮ ಗಂಗಾಳದಲ್ಲಿರುತ್ತದೆ. ನಡುವಿನ ತೂತಿನ ಸುತ್ತ ತುಸು ತಗ್ಗು ಇರಲಿ, ಇಡೀ ಕಾಳು ಒಳಗೆ ಹೋಗಬೇಕಲ್ವಾ? ಅಂಚಿನ ಎರಡು ಇಂಚು ಮಾತ್ರ ಸಪಾಟು, ಅಲ್ಲಿ ಗುಳಿ ಸಣ್ಣವು, ಒತ್ತೊತ್ತು. ಎರಡೂ ಕಲ್ಲಿಗೆ ಹೀಗೇ.

ಕೆಳಗಿನ ಕಲ್ಲಿನ ನಡುವೆ ಕಬ್ಬಿಣದ ಗೂಟ ನೆಟ್ಟಗೆ ಕೂರಿಸಿ. ಮೇಲಿನ ಕಲ್ಲಿನ ಬಾಯಿಗೆ ತೂತಿರುವ ಅಡ್ಡಪಟ್ಟಿ ಬಿಗಿಯಿರಿ. ಹಿಡಿಕೆಗೆ ಜಾಲಿ ಕಟ್ಟಿಗೆ.

ಜನ ಕೆಡಿಸುವುದು ಇಲ್ಲಿಂದ ಮುಂದೆ. ಎರಡು ಕಲ್ಲಿನ ನಡುವಿನ ಸಂದು ಎಷ್ಟಿರಬೇಕು? ಜೋಳದ ಕಾಳು ಸುಮಾರು 4 ಮಿಲಿಮೀಟರ್. ನುಚ್ಚಿಗೆ ಅಂಚಿನ ಸಂದು ಒಂದೂಕಾಲು ಮಿಲಿಮೀಟರಿನ ಆಸುಪಾಸು ಇದ್ದರೆ ಸರಿ. ಹಳೇ ಲಗ್ನಪತ್ರಿಕೆಯ ದಪ್ಪ ಕಾರ್ಡು ನಾಲ್ಕು ಪದರ ಮಡಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮೇಲಿನ ಕಲ್ಲು ಎತ್ತರಿಸಲು ಗೂಟಕ್ಕೆ ಬಟ್ಟೆ ಸುತ್ತುವ ಹಳೇ ರೂಢಿ ಇದೆ. ನನಗದು ಸೇರುವುದಿಲ್ಲ. ಬೀಸುತ್ತ ಬೀಸುತ್ತ ಬಟ್ಟೆ ಒತ್ತಿಕೊಳ್ಳುತ್ತದೆ, ಮೊದಲ ಸೇರು ನುಚ್ಚು, ಮೂರನೇ ಸೇರು ಹಿಟ್ಟು! ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ನಡುವೆ ತೂತು ಹಾಕಿ ಬಿಲ್ಲೆ ಮಾಡಿ. ಅಂಚನ್ನು ಅರ ಹಾಕಿ ಉಜ್ಜಿ. ಗೂಟಕ್ಕೆ ಪೋಣಿಸಿ, ಅಡ್ಡಪಟ್ಟಿ ಅವುಗಳ ಮೇಲೆ ಕೂರಲಿ. ಒಂದೊಂದೇ ಬಿಲ್ಲೆ ಏರಿಸುತ್ತ ಹೋಗಿ. ಕಾರ್ಡನ್ನು ನಾಲ್ಕೂ ದಿಕ್ಕಿಗೆ ತೂರಿಸಿ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅಂದರೆ ಮೊದಲು ಗೂಟ ನೋಡಿ, ವಾಲಿರುತ್ತದೆ. ಸುಮ್ನೆ ಬಿಲ್ಲೆ ಬದಲಿಸುತ್ತ ಕೂರಬೇಡಿ.

ಬಿಯರ್ ಮಾಡುವವರೂ ಬಾರ್ಲಿ ಮಾಲ್ಟನ್ನು ಹೀಗೇ ಒಡೆಯುತ್ತಾರೆ, ಹಿಟ್ಟು ಮಾಡುವುದಿಲ್ಲ. ಹೊಟ್ಟು ಆದಷ್ಟು ಇಡಿಯಾಗಿ ಉಳಿದರೆ ಅದೇ ಜರಡಿಯಾಗಿ ರಸ ಸೋಸುತ್ತದೆ. ಅವರು ಎರಡು ಉರುಳೆಗಳ ಸಂದು ಹೊಂದಿಸುತ್ತಾರೆ, ನಾವು ಎರಡು ಕಲ್ಲುಗಳದ್ದು.

ಮೋಟಾರ್ ಕಟ್ಟಲೇ ಅಂತ ಕೇಳುವವರಿದ್ದಾರೆ. ಬೇಡ. ಪರಿಚಯದವರೊಬ್ಬರು ಹಳೇ ಮೋಟಾರಿಗೆ ಬೆಲ್ಟ್ ಹಾಕಿದರು. ಕಲ್ಲು ಕಾದು, ಹಿಟ್ಟು ಸುಟ್ಟ ವಾಸನೆ ಹೊಡೆಯಿತು. ಕೈಯಲ್ಲೇ ನಿಧಾನ ತಿರುಗಿಸಿ. ಒಂದು ಸಲಕ್ಕೆ ಅರ್ಧ ಹಿಡಿ ಜೋಳ ಸಾಕು, ಜಾಸ್ತಿ ಸುರಿದರೆ ಮೇಲಿನ ಕಲ್ಲು ವಾಲುತ್ತದೆ.

ಮೊದಲ ಎರಡು ಸೇರು ಅಗ್ಗದ ಜೋಳ ಬೀಸಿ ಚೆಲ್ಲಿಬಿಡಿ, ದನಕ್ಕೂ ಹಾಕಬೇಡಿ. ಮೂರನೆಯದನ್ನು ನೀರಲ್ಲಿ ಕದಡಿ, ತಳದಲ್ಲಿ ಉಳಿದದ್ದನ್ನು ಬೆರಳಿಂದ ಉಜ್ಜಿ ನೋಡಿ. ಕರಕರ ಅಂದರೆ ಇನ್ನೊಂದು ಸೇರು ಬೀಸಿ ಚೆಲ್ಲಿ.

ಅಂಬಲಿಗೆ ನಾನು ಬಿಳಿಜೋಳವನ್ನೇ ಒಡೆಯುವುದು. ನುಚ್ಚು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹಸಿ ಉಳ್ಳಾಗಡ್ಡಿ.

ಬೀಸಿದ ಮೇಲೆ ಕಲ್ಲನ್ನು ತೊಳೆಯಬೇಡಿ. ಗುಳಿಯಲ್ಲಿ ಕೂತ ಹಿಟ್ಟು ಒದ್ದೆಯಾದರೆ ಹುಳಿತು ನಾರುತ್ತದೆ. ಗಡಸು ಬ್ರಷ್‌ನಿಂದ ಗುಡಿಸಿ, ಬಟ್ಟೆ ಮುಚ್ಚಿ ಇಡಿ.