ಮಕ್ಕಳ ಜೀವನಚರಿತ್ರೆಗೆ ಬಣ್ಣದ ಚಿತ್ರ: ಮುದ್ದೇನಹಳ್ಳಿಯಿಂದ ಕನ್ನಂಬಾಡಿಯವರೆಗೆ

ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಏಳೆಂಟು ವರ್ಷದ ಮಕ್ಕಳಿಗೆ ಜಲವರ್ಣದ ಚಿತ್ರಪುಸ್ತಕವಾಗಿ ಕೊಡುವುದಾದರೆ, ಬಣ್ಣ ಕಲಸುವ ಮುಂಚಿನ ಕೆಲಸವೇ ಹೆಚ್ಚು. ಮಗು ಅಕ್ಷರಕ್ಕಿಂತ ಮೊದಲು ಚಿತ್ರ ನೋಡುತ್ತದೆ, ನೋಡಿದ್ದನ್ನು ಹಾಗೇ ನಂಬುತ್ತದೆ. ಪರೀಕ್ಷಿಸಿ ನೋಡುವ ದಾರಿ ಅದಕ್ಕಿಲ್ಲ. ಹಾಗಾಗಿ ಪ್ರತಿ ಕರಡು ಚಿತ್ರದ ಅಂಚಿನಲ್ಲೂ ಪೆನ್ಸಿಲಿನಿಂದ ಇಸವಿ ಮತ್ತು ನಾಯಕನ ವಯಸ್ಸು ಬರೆಯಿರಿ. ಅವೆರಡನ್ನು ಬರೆಯಲಾಗದ ಚಿತ್ರಕ್ಕೆ ಬಣ್ಣ ಹಚ್ಚಬೇಡಿ.

ಉದಾಹರಣೆಗೆ ಅವರು ಹುಟ್ಟಿದ ಊರಿನ ಚಿತ್ರಕ್ಕೆ '1868, ವಯಸ್ಸು 7, ಮುದ್ದೇನಹಳ್ಳಿ' ಎಂದು ಬರೆದ ಕೂಡಲೇ ಎಷ್ಟೋ ವಸ್ತುಗಳು ಚಿತ್ರದಿಂದ ತಾವಾಗಿಯೇ ಹೊರಬೀಳುತ್ತವೆ. ಮಂಗಳೂರು ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಆದ್ದರಿಂದ ಊರಿನ ಮನೆಗಳಿಗೆ ಮಣ್ಣಿನ ಮಾಳಿಗೆ, ನಾಡಹೆಂಚು ಅಥವಾ ಹುಲ್ಲಿನ ಸೂರು ಸರಿ. ಹತ್ತಿರದ ಚಿಕ್ಕಬಳ್ಳಾಪುರಕ್ಕೆ ರೈಲು ಬಂದದ್ದು 20ನೇ ಶತಮಾನದಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ಬಾಲಕನ ಪಕ್ಕ ಎಣ್ಣೆಯ ದೀಪ ಇರಲಿ, ಬಯಲಲ್ಲಿ ಕಂಬ, ತಂತಿ ಬೇಡ. ಇವತ್ತು ಆ ಕಡೆ ಹೋದರೆ ಕಣ್ಣಿಗೆ ಬೀಳುವ ನೀಲಗಿರಿ ತೋಪು, ಕಾಂಗ್ರೆಸ್ ಗಿಡ, ದ್ರಾಕ್ಷಿ ಚಪ್ಪರ ಆಗ ಇರಲಿಲ್ಲ. ಹುಣಸೆ, ಹೊಂಗೆ, ಬೇವು, ರಾಗಿ ಹೊಲ, ಕೆರೆ ಏರಿ ಧಾರಾಳವಾಗಿ ಬರೆಯಬಹುದು. ನಂದಿಬೆಟ್ಟದ ಗೆರೆಯನ್ನು ಮಾತ್ರ ಸ್ಥಳದಲ್ಲೇ ನಿಂತು ತೆಗೆದುಕೊಳ್ಳಿ. ಬೆಂಗಳೂರು ಕಡೆಯಿಂದ ತೆಗೆದ ಫೋಟೋದಲ್ಲಿ ಅದೇ ಬೆಟ್ಟದ ಆಕಾರ ಬೇರೆ.

ಮುಖದಲ್ಲೂ ಇದೇ ತಪ್ಪು ಆಗುತ್ತದೆ. ಜರಿಪೇಟ, ಕನ್ನಡಕ, ಕೋಟು, ಟೈ ಇರುವ ಪರಿಚಿತ ಭಾವಚಿತ್ರ ದೊಡ್ಡವರಾದ ಮೇಲಿನದು. ಅದನ್ನೇ ಕುಗ್ಗಿಸಿ ಹುಡುಗನ ಮೈಮೇಲೆ ಕೂರಿಸಿದರೆ ಮುದುಕನ ಮುಖದ ಮಗು ಹುಟ್ಟುತ್ತದೆ. ಒಂದು ಹಾಳೆಯಲ್ಲಿ 7, 20, 50, 90ನೇ ವಯಸ್ಸಿನ ನಾಲ್ಕು ತಲೆಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಹುಬ್ಬಿನ ಬಾಗು, ಮೂಗಿನ ತುದಿ, ಕಿವಿಯ ಆಕಾರ ನಾಲ್ಕರಲ್ಲೂ ಒಂದೇ ಇರಲಿ, ಉಳಿದದ್ದು ಬದಲಾಗಲಿ. ಬಾಲ್ಯದ ಪುಟಗಳಿಗೆ ಆ ಕಾಲದ ವೈದಿಕ ಮನೆತನದ ಜುಟ್ಟು, ಪಂಚೆ ಸಾಕು.

ಪುಟದ ಲೆಕ್ಕಕ್ಕೆ ಬರೋಣ. ಮಧ್ಯೆ ಪಿನ್ನು ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. 24 ಪುಟವಾದರೆ 1ರಲ್ಲಿ ಶೀರ್ಷಿಕೆ, 2–3ರಲ್ಲಿ ಪ್ರಕಾಶನದ ವಿವರ ಮತ್ತು ಅರಿಕೆ, 4ರಿಂದ 23ರವರೆಗೆ ಹತ್ತು ಜೋಡಿ ಪುಟ, ಕೊನೆಯ ಪುಟಕ್ಕೆ ಇಸವಿಗಳ ಪಟ್ಟಿ. ನೂರು ವರ್ಷ ದಾಟಿದ ಬದುಕಿಗೆ ಹತ್ತೇ ಜೋಡಿ. ಮಗುವಿಗೆ ಕೈಯಿಂದ ಮಾಡುವ ಕೆಲಸ ಕಾಣುವ ಘಟನೆಗಳನ್ನೇ ಆರಿಸಿ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಯ ತಾನಾಗಿ ತೆರೆಯುವ ಬಾಗಿಲುಗಳು ಒಳ್ಳೆಯ ಚಿತ್ರ. 1912ರಲ್ಲಿ ದಿವಾನಗಿರಿ ವಹಿಸಿಕೊಂಡ ಸಭೆಯಲ್ಲಿ ಮಗುವಿಗೆ ನೋಡಲು ಏನೂ ಇಲ್ಲ. ಕನ್ನಂಬಾಡಿ ಕಟ್ಟೆಯನ್ನು ಬರೆಯುವಾಗ ಕಾಂಕ್ರೀಟ್ ಕಲಸುವ ಯಂತ್ರ ತಂದಿಡಬೇಡಿ. ಅದು ಕಲ್ಲು ಮತ್ತು ಸುರ್ಕಿ ಗಾರೆಯ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ) ಕಟ್ಟೆ. ಪಠ್ಯ 'ಕಟ್ಟೆ ಕಟ್ಟಿಸಿದರು' ಎಂದರೆ ಚಿತ್ರದಲ್ಲಿ ಕಲ್ಲು ಹೊತ್ತವರು ಕಾಣಲಿ.

ಪುಟ 21 ಸೆಂ.ಮೀ. ಚೌಕವಾದರೆ ಜೋಡಿ ಪುಟ 42 × 21. ಸುತ್ತಲೂ ಕತ್ತರಿಸಲು 3 ಮಿ.ಮೀ. ಸೇರಿಸಿ, ಮೂಲಚಿತ್ರ ಬರೆಯಲು ಒಂದೂಕಾಲು ಪಟ್ಟು ಹಿಗ್ಗಿಸಿದರೆ 53.25 × 27 ಸೆಂ.ಮೀ. ಇದು ದೊಡ್ಡ ಹಾಳೆಯನ್ನು ಅರ್ಧ ಮಾಡಿದಾಗ ಸಿಗುವ 56 × 38 ಸೆಂ.ಮೀ. ತುಂಡಿನಲ್ಲಿ ಸರಿಯಾಗಿ ಕೂರುತ್ತದೆ. ನಡುವಿನ ಮಡಿಕೆಯಿಂದ ಎರಡೂ ಕಡೆ 2 ಸೆಂ.ಮೀ. ಒಳಗೆ ಮುಖ, ಕೈ ಬರಕೂಡದು. ಅಕ್ಷರಕ್ಕೆ ಪುಟದ ಮೂರನೇ ಒಂದು ಭಾಗವನ್ನು ತಿಳಿಬಣ್ಣದಲ್ಲಿ ಬಿಡಿ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಕನ್ನಡಕ್ಕೆ ಸಾಲಿನ ನಡುವೆ ಹೆಚ್ಚು ಜಾಗ ಬೇಕು. ಇಂಗ್ಲಿಷ್ ಪುಸ್ತಕದ ಅಳತೆ ನೋಡಿಕೊಂಡು ಜಾಗ ಬಿಟ್ಟರೆ ಕೊನೆಗೆ ಅಕ್ಷರ ಬೆಟ್ಟದ ಮೇಲೆ ಹತ್ತುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವುದು), ಕೋಲ್ಡ್ ಪ್ರೆಸ್ (ಮೈ ತುಸು ಒರಟಾಗಿರುವುದು). ಐದು ನಿಮಿಷ ನೀರಲ್ಲಿ ನೆನೆಸಿ, ಹಲಗೆಯ ಮೇಲೆ ಹರಡಿ, ನೀರು ತಗುಲಿದರೆ ಅಂಟುವ ಕಂದು ಕಾಗದದ ಟೇಪಿನಿಂದ ನಾಲ್ಕೂ ಅಂಚು ಅಂಟಿಸಿ, ರಾತ್ರಿಯಿಡೀ ಮಲಗಿಸಿಯೇ ಒಣಗಿಸಿ. ಮಾಸ್ಕಿಂಗ್ ಟೇಪು ಒದ್ದೆ ಕಾಗದಕ್ಕೆ ಹಿಡಿಯುವುದಿಲ್ಲ. ಬಯಲುಸೀಮೆಯ ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ಆಕಾಶದ ಬಣ್ಣ ಅರ್ಧ ದಾರಿಯಲ್ಲೇ ಒಣಗಿ ಗೆರೆ ಬೀಳುತ್ತದೆ. ಆಕಾಶವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ, ಫ್ಯಾನ್ ಆರಿಸಿ, ಬೇಕಾದದ್ದಕ್ಕಿಂತ ಎರಡರಷ್ಟು ಬಣ್ಣ ಮೊದಲೇ ಕಲಸಿಡಿ. ಅರೆ ಒಣಗಿದ ಜಾಗಕ್ಕೆ ನೀರು ತುಂಬಿದ ಕುಂಚ ತಗುಲಿದರೆ ಹೂಕೋಸಿನಂಥ ಕಲೆ ಮೂಡುತ್ತದೆ. ಆಗ ತಿದ್ದಲು ಹೋಗದೆ, ಪೂರ್ತಿ ಒಣಗಿದ ಮೇಲೆ ಒದ್ದೆ ಸ್ಪಂಜಿನಿಂದ ಮೆತ್ತಗೆ ಎತ್ತಿ.

ಬಣ್ಣಗಳು ಆರು ಸಾಕು: ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ನಿಂಬೆಹಳದಿ, ಕ್ರಿಮ್ಸನ್. ಕೆಮ್ಮಣ್ಣಿಗೆ ಸಿಯೆನ್ನಾ ಮೂರು ಪಾಲು, ಓಕರ್ ಒಂದು ಪಾಲು. ಅದೇ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಬಂಡೆಯ ಬೂದುಬಣ್ಣ. ಬಿಸಿಲಿನ ಕಡೆ ಸಿಯೆನ್ನಾ ಮುಂದು, ನೆರಳಿನ ಕಡೆ ನೀಲಿ ಮುಂದು. ಮೈಬಣ್ಣಕ್ಕೂ ಸಿಯೆನ್ನಾ, ಓಕರ್‌ಗಳೇ. ನೆರಳಿಗೆ ಕಪ್ಪು ಬೆರೆಸಿದರೆ ಚರ್ಮ ಸತ್ತಂತೆ ಕಾಣುತ್ತದೆ, ಕ್ರಿಮ್ಸನ್ ಮತ್ತು ಅಲ್ಟ್ರಾಮರೀನ್ ಸೇರಿಸಿ. ನಾಯಕನನ್ನು ಊರಿನವರಿಗಿಂತ ಬೆಳ್ಳಗೆ ಮಾಡುವ ಚಾಳಿ ನಮ್ಮ ಪುಸ್ತಕಗಳಲ್ಲಿ ಬಹಳ ಇದೆ. ಓದುವ ಮಗು ತನ್ನ ಮೈಬಣ್ಣವನ್ನು ಹುಡುಕುವುದು ಅಲ್ಲೇ, ಆದ್ದರಿಂದ ಇದನ್ನು ಖಂಡಿತ ಬಿಡಿ.

ಜರಿಗೆ ಬಂಗಾರದ ಹೊಳಪಿನ ಬಣ್ಣ ಬಳಸಬೇಡಿ. ಸ್ಕ್ಯಾನರ್‌ನಲ್ಲಿ ಅದು ಮಣ್ಣುಬಣ್ಣಕ್ಕೆ ತಿರುಗುತ್ತದೆ. ಓಕರ್ ಪಟ್ಟಿ ಎಳೆದು ಒಣಗಿಸಿ, ಮಡಿಕೆಗಳಲ್ಲಿ ಅಂಬರ್‌ನ ಸಣ್ಣ ಗೆರೆ ಕೊಡಿ. ಮಡಿಕೆ ಉಬ್ಬಿದ ಕಡೆ ಮಾತ್ರ ಬಿಳಿ ಪೋಸ್ಟರ್ ಕಲರ್‌ಗೆ ನಿಂಬೆಹಳದಿ ಬೆರೆಸಿ 2ನೇ ನಂಬರಿನ ಕುಂಚದ ತುದಿಯಿಂದ ಚುಕ್ಕಿ ಇಡಿ. ಹೊಳಪು ಅಷ್ಟರಲ್ಲೇ ಬರುತ್ತದೆ.

ಎ3 ಸ್ಕ್ಯಾನರ್ ಇದ್ದರೆ ಎರಡು ತುಂಡು, ಎ4 ಆದರೆ ಉದ್ದುದ್ದಕ್ಕೆ ಮೂರು ತುಂಡು, ತುಂಡುಗಳ ನಡುವೆ ನಾಲ್ಕು ಸೆಂ.ಮೀ. ಒಂದರ ಮೇಲೊಂದು ಬರಲಿ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ, ಸ್ಕ್ಯಾನರ್ ತಾನಾಗಿ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಿ. ಅಕ್ಷರವನ್ನು ಚಿತ್ರದೊಳಗೆ ಬರೆಯದೆ ಬೇರೆ ಪದರದಲ್ಲಿ ಬರೀ ಕಪ್ಪಿನಲ್ಲಿ ಕೊಡಿ. ನಾಲ್ಕು ಬಣ್ಣ ಸೇರಿ ಮಾಡಿದ ಕಪ್ಪು ಅಚ್ಚಿನಲ್ಲಿ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರ ಮಸುಕಾಗುತ್ತದೆ. ಪೂರ್ತಿ ಮುದ್ರಿಸುವ ಮೊದಲು ಕೆಮ್ಮಣ್ಣು ಹೆಚ್ಚಿರುವ ಒಂದು ಪುಟದ ಪ್ರೂಫ್ (ಮಾದರಿ ಅಚ್ಚು) ತರಿಸಿ ಹಗಲು ಬೆಳಕಲ್ಲಿ ಮೂಲದ ಪಕ್ಕ ಇಟ್ಟು ನೋಡಿ. ಮಣ್ಣು ಗುಲಾಬಿಗೆ ತಿರುಗಿದ್ದರೆ ಮೆಜೆಂಟಾ ಇಳಿಸಲು, ಕಿತ್ತಳೆಗೆ ತಿರುಗಿದ್ದರೆ ಹಳದಿ ಇಳಿಸಲು ಪ್ರೆಸ್ಸಿನವರಿಗೆ ಹೇಳಿ.